೨೧೧೭ರ ಬಾಗಿಲ ಮುಂದಿನ ತಟ್ಟೆ

ನಾನು ನಿಂತಿದ್ದದ್ದು ಹಡಗಿನ ಎರಡನೇ ಡೆಕ್ಕಿನಲ್ಲಿ, ನೀರಿನ ಮಟ್ಟಕ್ಕಿಂತ ತುಸು ಕೆಳಗೆ, ಕೆಲಸದವರ ಕೋಣೆಗಳಿರುವ ಎಡಬದಿಯ ಓಣಿಯಲ್ಲಿ. ಎದುರಿಗಿದ್ದ ಬಾಗಿಲಿನ ಸಂಖ್ಯೆ ೨೧೧೭. ಬಂದರು ಬಿಟ್ಟ ಎಂಟನೆಯ ದಿನ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಎಡಗೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಹಾಳೆ ಇತ್ತು. ಬಲಗೈ ಆಗತಾನೆ ಬಾಗಿಲು ಬಡಿದು ಕೆಳಗಿಳಿದಿತ್ತು. ಕಾಲಿನ ಹತ್ತಿರ, ನೆಲದ ಮೇಲೆ, ನಾನೇ ಇಟ್ಟ ತಟ್ಟೆ ಇತ್ತು. ಮುಚ್ಚಳದ ಕೆಳಗೆ ಗಂಜಿ, ಒಂದು ಬಾಳೆಹಣ್ಣು, ಕಾಗದದ ಲೋಟದಲ್ಲಿ ಎರಡು ಮಾತ್ರೆ.

ಇಷ್ಟು ನಿಖರವಾಗಿ ಹೇಳಲು ಕಾರಣವಿದೆ. ಆಮೇಲೆ ಹಡಗಿನ ಕಂಪನಿಯವರು ಮೂರು ಸಲ ನನ್ನನ್ನು ಕೂರಿಸಿ ಇದನ್ನೇ ಕೇಳಿದರು. ಮೂರು ಸಲವೂ ಇದನ್ನೇ ಹೇಳಿದೆ. ಅವರು ಕೇಳದೆ ಬಿಟ್ಟದ್ದನ್ನು ನಾನೂ ಹೇಳದೆ ಬಿಟ್ಟೆ.

ಮೊನ್ನೆ ಕಡೂರು ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮ್ ತೊಳೆಯುತ್ತಿದ್ದರು. ಹೆಂಗಸೊಬ್ಬಳು ಬಕೆಟ್ಟಿನಿಂದ ಬ್ಲೀಚಿಂಗ್ ನೀರು ಚೆಲ್ಲಿ ಉದ್ದ ಪೊರಕೆಯಿಂದ ತಳ್ಳುತ್ತಾ ನಾನು ಕೂತ ಬೆಂಚಿನವರೆಗೂ ಬಂದಳು. "ಕಾಲೆತ್ತಿ ಕಣ್ರೀ," ಅಂದಳು. ಎತ್ತಿದೆ. ಆ ವಾಸನೆ ಮೂಗಿಗೆ ಹೊಡೆಯಿತು. ಅವಳು ಆ ತುದಿಗೆ ಹೋದ ಮೇಲೂ ನಾನು ಕಾಲೆತ್ತಿಕೊಂಡೇ ಕೂತಿದ್ದೆನಂತೆ. ಪಕ್ಕದಲ್ಲಿದ್ದವರು ಹೇಳಿದರು.

ನಮ್ಮದು ತರೀಕೆರೆ. ನನ್ನ ತಂದೆ, ಅಬ್ಬ, ಹತ್ತಿ ಹಿಂಜಿ ಹಾಸಿಗೆ ಹೊಲಿಯುವವರು. ನಾನು ಹಡಗಿನಲ್ಲಿ ಹಾಸಿಗೆ ಹಾಸುವವನಾದೆ. "ನಾನು ಹೊಲಿದೆ, ನೀನು ಹಾಸು, ಮಲಗೋರು ಬೇರೆ," ಅನ್ನುತ್ತಿದ್ದರು ಅಬ್ಬ. ಪ್ರವಾಸಿಗರನ್ನು ಹೊತ್ತು ದ್ವೀಪದಿಂದ ದ್ವೀಪಕ್ಕೆ ಸುತ್ತುವ ದೊಡ್ಡ ಹಡಗು ಅದು. ನಾಲ್ಕನೇ ಡೆಕ್ಕಿನ ಹದಿನಾಲ್ಕು ಕೋಣೆ ನನ್ನ ಪಾಲಿಗಿದ್ದವು.

ರಂಗಸ್ವಾಮಿ ಸಿಕ್ಕಿದ್ದು ಅಲ್ಲಿಯೇ, ಕೆಲಸದವರ ಊಟದ ಮನೆಯಲ್ಲಿ. ನನ್ನ ಹಿಂದೆ ಸಾಲಿನಲ್ಲಿ ನಿಂತವನೊಬ್ಬ ಬೇಯಿಸಿದ ಆಲೂಗಡ್ಡೆಯ ತಟ್ಟೆ ನೋಡಿ, "ಥೂ ನಿನ್ನ, ಇವತ್ತೂ ನೀನೇನಾ?" ಅಂದ. ಆಲೂಗಡ್ಡೆಗೆ ಕನ್ನಡದಲ್ಲಿ ಬಯ್ದದ್ದನ್ನು ಕೇಳಿ ನಾನು ತಿರುಗಿ ನೋಡಿದೆ.

"ಯಾವೂರೋ?"

"ಶಿವನಿ ಕಣಣ್ಣ. ಅಜ್ಜಂಪುರದತ್ರ. ನಿಂದು?"

"ತರೀಕೆರೆ."

"ಅಯ್ಯೋ ಶಿವನೇ! ನಮ್ಮ್ ಜಿಲ್ಲೆ ಸಾಬ್ರು ಸಮುದ್ರದಾಗ್ ಸಿಕ್ಕವ್ರೆ!" ಅಂತ ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿ ಓದಿ, ಸಾಲಿನಲ್ಲಿದ್ದವರೆಲ್ಲ ತಿರುಗುವ ಹಾಗೆ ಕೂಗಿದ.

ವಯಸ್ಸು ಮೂವತ್ತಕ್ಕೆ ಒಂದು ಕಡಿಮೆ. ತೆಳ್ಳಗಿನ ಮೈ, ದೊಡ್ಡ ದನಿ. ಪ್ರಯಾಣಿಕರು ತಾವೇ ಬಡಿಸಿಕೊಂಡು ಉಣ್ಣುವ ಒಂಬತ್ತನೇ ಡೆಕ್ಕಿನ ಊಟದ ಮನೆಯಲ್ಲಿ ಅವನಿಗೆ ಕೆಲಸ. ಶಿವನಿಯಲ್ಲಿ ಅವನ ತಾಯಿ ಒಬ್ಬರೇ ಅಂತಲೂ, ಅವರ ಹೆಸರು ಕೆಂಚಮ್ಮ ಅಂತಲೂ, ತಂದೆಯನ್ನು ಅವನು ನೋಡಿಯೇ ಇಲ್ಲ ಅಂತಲೂ ತಿಂಗಳೊಳಗೆ ತಿಳಿಯಿತು. ಅವರ ಮನೆ ಊರಾಚೆಯ ಕೇರಿಯಲ್ಲಿ. ಅದನ್ನು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಕಡಲ ಮೇಲೆ ಕೇರಿ ಇಲ್ಲ ಅಂದುಕೊಂಡಿದ್ದೆ.

ಅದು ಮೂರು ವರ್ಷದ ಹಿಂದಿನ ಚಳಿಗಾಲ. ಹತ್ತು ದಿನದ ಸುತ್ತು. ಹತ್ತುವಾಗಲೇ ಪ್ರತಿಯೊಬ್ಬರಿಂದಲೂ ಜ್ವರ, ಕೆಮ್ಮು, ಮೈಕೈ ನೋವು ಇದೆಯೇ ಎಂದು ಬರೆಸಿಕೊಂಡಿದ್ದರು. ಇದ್ದವರೂ ಇಲ್ಲವೆಂದು ಬರೆಯುತ್ತಾರೆ. ವರ್ಷವೆಲ್ಲ ಕಾದು ಹೊರಟ ಪ್ರವಾಸ, ಯಾರು ತಾನೆ ಬಿಟ್ಟು ಮನೆಗೆ ಹೋಗುತ್ತಾರೆ? ಮೂರನೆಯ ದಿನ ನನ್ನದೇ ಕೋಣೆಗಳಲ್ಲಿ ಎರಡು ಬಾಗಿಲು ತೆರೆಯಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ನಮ್ಮನ್ನೆಲ್ಲ ಕೆಳಗಿನ ಹಾಲ್‌ನಲ್ಲಿ ನಿಲ್ಲಿಸಿ ಸೋಂಕು ಕೆಂಪು ಹಂತಕ್ಕೆ ಬಂದಿದೆ ಎಂದು ಸಾರಿದರು. ಫ್ಲೂ ಹಡಗನ್ನು ಹೊಕ್ಕಿತ್ತು.

ಅಲ್ಲಿಂದ ಮುಂದಿನ ನಾಲ್ಕು ದಿನ ಆ ಹಡಗು ಕೆಲಸ ಮಾಡಿದ ಬಗೆಯನ್ನು ನಾನು ಎಂದೂ ಹಳಿಯಲಾರೆ. ಮೆಟ್ಟಿಲ ಕಂಬಿಗಳನ್ನೂ ಲಿಫ್ಟಿನ ಗುಂಡಿಗಳನ್ನೂ ಬಾಗಿಲ ಹಿಡಿಗಳನ್ನೂ ಗಂಟೆಗೊಮ್ಮೆ ಬ್ಲೀಚಿಂಗ್ ನೀರಿನಲ್ಲಿ ಒರೆಸುತ್ತಿದ್ದೆವು. ಒರೆಸಿ ಹತ್ತು ನಿಮಿಷ ಹಾಗೇ ಒದ್ದೆ ಬಿಡಬೇಕು. ಕೂಡಲೇ ಉಜ್ಜಿ ಒಣಗಿಸಿದರೆ ಔಷಧಿ ಕೆಲಸ ಮಾಡದು. ಊಟದ ಮನೆಯ ಬಾಗಿಲಲ್ಲಿ ಒಬ್ಬರು ನಿಂತು, ಒಳಗೆ ಹೋಗುವ ಪ್ರತಿ ಕೈಗೂ ಔಷಧಿ ಹನಿಸುತ್ತಿದ್ದರು. ತಾವೇ ಬಡಿಸಿಕೊಳ್ಳುವುದು ನಿಂತು, ಇಕ್ಕಳ ಹಿಡಿದ ಕೆಲಸದವರು ಬಡಿಸತೊಡಗಿದರು. ಜ್ವರ ಬಂದವರು ಕೋಣೆ ಬಿಟ್ಟು ಬರುವಂತಿರಲಿಲ್ಲ. ಅವರ ಊಟ, ಮಾತ್ರೆ, ಹಾಸಿಗೆ ಬಟ್ಟೆ ಎಲ್ಲ ಬಾಗಿಲಿಗೇ ಹೋಗುತ್ತಿದ್ದವು.

ರಂಗ ಎಲ್ಲವನ್ನೂ ತಮಾಷೆ ಮಾಡಿದ. ನಾಲ್ಕನೇ ಡೆಕ್ಕಿನ ನನ್ನ ಕೋಣೆಯೊಂದರಲ್ಲಿ ಊರುಗೋಲಿನ ಒಬ್ಬ ಅಜ್ಜಿ ಇದ್ದರು. ಉಸಿರಾಟದ ತೊಂದರೆ ಇದ್ದವರು, ಫ್ಲೂ ತಗುಲಿದರೆ ಉಳಿಯುವುದು ಕಷ್ಟ. ಅವರು ಪ್ರತಿ ಹೊತ್ತೂ ರಂಗನ ಹತ್ತಿರವೇ ಹೋಗಿ ಬಡಿಸಿಕೊಳ್ಳುತ್ತಿದ್ದರು. "ಅಜ್ಜಿ ಬಟಾಣಿ ಎಣಿಸಿ ಹಾಕಿಸ್ಕತಾಳೆ ಕಣಣ್ಣ," ಅಂತ ರಂಗ ಇಕ್ಕಳದಲ್ಲಿ ಒಂದೊಂದೇ ಬಟಾಣಿ ಎತ್ತುವ ಹಾಗೆ ನಟಿಸಿ ತೋರಿಸುತ್ತಿದ್ದ.

ಐದನೆಯ ದಿನ ಮಧ್ಯಾಹ್ನ, ಅವನು ಬಡಿಸಲು ನಿಲ್ಲುವ ಹತ್ತು ನಿಮಿಷ ಮುಂಚೆ, ಹಿಂದಿನ ಮೆಟ್ಟಿಲಲ್ಲಿ ಸಿಕ್ಕ. ಕಣ್ಣು ಕೆಂಪಗಿದ್ದವು.

"ಏನೋ ಇದು?"

"ಬಿಸಿಲಿಗಿರ್ಬೇಕು."

"ಹಡಗಿನೊಳಗೆ ಎಲ್ಲಿ ಬಿಸಿಲೋ?" ಹಣೆ ಮುಟ್ಟಿ ನೋಡಿದೆ. ಸುಡುತ್ತಿತ್ತು. "ಹೋಗಿ ಆಸ್ಪತ್ರೇಲಿ ಹೇಳು."

"ಹೇಳಿದ್ರೆ ಕೂಡಾಕ್ತಾರೆ ಕಣಣ್ಣ. ಒಬ್ನೇ ಇರಕ್ಕೆ ನನ್ ಕೈಲಾಗಲ್ಲ."

"ಹೇಳ್ದೆ ಇದ್ರೆ ಆ ಅಜ್ಜಿ ತಟ್ಟೆಗೆ ಈಗ ನೀನೇ ಬಡಿಸ್ತೀಯ."

ಅವನು ಏಪ್ರನ್ ಬಿಚ್ಚಿ, ಮಡಚಿ, ಮೆಟ್ಟಿಲ ಕಂಬಿಯ ಮೇಲೆ ಹಾಕಿ ಹೋದ. ಹಡಗಿನ ಆಸ್ಪತ್ರೆ ಒಂದನೇ ಡೆಕ್ಕಿನಲ್ಲಿ. ಅವನು ಇಳಿದು ಹೋದದ್ದನ್ನು ನಾನು ನೋಡುತ್ತ ನಿಂತಿದ್ದೆ. ಕಳುಹಿಸಿದವನು ನಾನೇ. ಅದು ಸರಿಯಾಗಿಯೇ ಇತ್ತು ಎಂದು ಇವತ್ತೂ ಹೇಳುತ್ತೇನೆ.

ಅದೇ ಸಂಜೆ ನನ್ನ ಮೇಲ್ವಿಚಾರಕ, ಗೋವಾದ ಡಾಮ್ನಿಕ್, ನನ್ನನ್ನು ಮೇಲಿನ ಕೋಣೆಗಳಿಂದ ತೆಗೆದು ಎರಡನೇ ಡೆಕ್ಕಿಗೆ ಹಾಕಿದ. ಕಾಯಿಲೆ ಬಿದ್ದ ಕೆಲಸದವರನ್ನು ಒಬ್ಬೊಬ್ಬರನ್ನೇ ಇರಿಸಿದ ಓಣಿ ಅದು. "ಬಷೀರ್, ನೀನು ರೂಲ್ ಮುರಿಯದವನು. ಅದಕ್ಕೇ ನೀನು," ಅಂದ. ಆ ಮಾತು ಕೇಳಿ ನನಗೆ ಹೆಮ್ಮೆಯಾಗಿತ್ತು. ಅದನ್ನೂ ಬರೆಯಬೇಕು.

ರೂಲ್ ಹೀಗಿತ್ತು. ತಟ್ಟೆಯನ್ನು ಬಾಗಿಲ ಮುಂದೆ ಇಡಬೇಕು. ಬಡಿಯಬೇಕು. ಆರಡಿ ಹಿಂದೆ ಸರಿಯಬೇಕು. ಒಳಗಿನವರು ಬಾಗಿಲು ತೆರೆದು ತೆಗೆದುಕೊಳ್ಳಬೇಕು. ಉಂಡ ಮೇಲೆ ತಟ್ಟೆಯನ್ನು ಕೆಂಪು ಚೀಲಕ್ಕೆ ಹಾಕಿ, ಬಾಯಿ ಬಿಚ್ಚಿಟ್ಟು ಹೊರಗಿಡಬೇಕು. ನಾನು ಇಣುಕಿ ನೋಡಿ, ಎಷ್ಟು ಉಂಡಿದ್ದಾರೆಂದು ಹಾಳೆಯಲ್ಲಿ ಗುರುತು ಹಾಕಬೇಕು. ಪೂರ್ತಿ, ಅರ್ಧ, ಇಲ್ಲ. ದಿನಕ್ಕೆ ಎರಡು ಸಲ ಆ ಹಾಳೆ ಹಡಗಿನ ಡಾಕ್ಟರಮ್ಮನ ಮೇಜಿಗೆ ಹೋಗುತ್ತಿತ್ತು. 'ಇಲ್ಲ' ಎಂದಿದ್ದ ಬಾಗಿಲುಗಳಿಗೆ ಅವರು ಮೊದಲು ಬರುತ್ತಿದ್ದರು, ಆಮೇಲೆ 'ಅರ್ಧ'. 'ಪೂರ್ತಿ' ಎಂದಿದ್ದವರಿಗೆ ಮಾರಿಸೆಲ್ ಎಂಬ ನರ್ಸ್ ಫೋನ್ ಮಾಡಿ ಕೇಳುತ್ತಿದ್ದಳು. ಕಾಯಿಲೆಯವರು ಬಹಳ, ನೋಡುವವರು ಮೂವರು. ಬೇರೆ ದಾರಿ ಇರಲಿಲ್ಲ.

ಮೇಲೆ ಪ್ರಯಾಣಿಕರ ಬಾಗಿಲುಗಳ ಮುಂದೆ ಮಡಚುವ ಸ್ಟ್ಯಾಂಡ್ ಇಟ್ಟು ಅದರ ಮೇಲೆ ತಟ್ಟೆ ಇಡುತ್ತಿದ್ದರು. ನಮ್ಮ ಓಣಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಕಿರಿದು. ಬೆಂಕಿ ಬಿದ್ದರೆ ಓಡುವ ದಾರಿಯೂ ಅದೇ. ಅಲ್ಲಿ ಏನನ್ನೂ ನಿಲ್ಲಿಸುವಂತಿಲ್ಲ. ಹಾಗಾಗಿ ನೆಲ.

ಮೊದಲ ಸಲ ರಂಗ ೨೧೧೭ರ ಬಾಗಿಲು ತೆರೆದು ತಟ್ಟೆಯನ್ನು ನೋಡಿದ. ಆಮೇಲೆ ಆರಡಿ ಆಚೆ ಮಾಸ್ಕ್ ಹಾಕಿಕೊಂಡು ನಿಂತ ನನ್ನನ್ನು ನೋಡಿದ.

"ಮೇಲ್ನೋರ್ಗೆಲ್ಲ ಸ್ಟ್ಯಾಂಡ್ ಇಡ್ತೀರಂತೆ. ನಂಗಿಲ್ವಾ?"

"ಇಲ್ಲಿ ಏನೂ ಇಡಂಗಿಲ್ಲ ಕಣೋ. ಓಡೋ ದಾರಿ."

"ಹಂಗಾರೆ ಕೈಗೆ ಕೊಡು."

"ಹತ್ರ ಬರಂಗಿಲ್ಲ."

ಅವನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ನಗುತ್ತಿದ್ದ ಅಂತ ನನ್ನ ನೆನಪು. ಆದರೆ ಅವನೂ ಮಾಸ್ಕ್ ಹಾಕಿದ್ದ, ಕಂಡದ್ದು ಕಣ್ಣು ಮಾತ್ರ. "ಆಯ್ತು ಬಿಡಣ್ಣ. ನಿಂಗ್ಯಾಕೆ ಬೈಸ್ಲಿ," ಅಂದ. ಬಗ್ಗಿ ತಟ್ಟೆ ಎತ್ತಿಕೊಂಡು ಬಾಗಿಲು ಹಾಕಿದ.

ತಮಾಷೆ ಅಂದುಕೊಂಡೆ. ಅವನು ಎಲ್ಲವನ್ನೂ ತಮಾಷೆ ಮಾಡುತ್ತಿದ್ದವನು.

ಒಂದು ಗಂಟೆಯ ಮೇಲೆ ಬಂದು ಕೆಂಪು ಚೀಲ ಇಣುಕಿದರೆ ತಟ್ಟೆ ಖಾಲಿ. ಬರೀ ಖಾಲಿಯಲ್ಲ, ಒರೆಸಿದ ಹಾಗಿತ್ತು. ಬೇಳೆಯ ಗೆರೆಯೂ ಇರಲಿಲ್ಲ. 'ಪೂರ್ತಿ' ಎಂದು ಗುರುತು ಹಾಕಿದೆ. ಆರನೆಯ ದಿನ ಮೂರು ಹೊತ್ತೂ ಪೂರ್ತಿ. ಏಳನೆಯ ದಿನ ಮೂರು ಹೊತ್ತೂ ಪೂರ್ತಿ. ಆ ಓಣಿಯಲ್ಲಿ ಉಳಿದವರೆಲ್ಲ ಅರ್ಧ ತಿಂದು ಬಿಟ್ಟರೆ ನಮ್ಮೂರವನ ತಟ್ಟೆ ಮಾತ್ರ ತೊಳೆದಂತಿತ್ತು. ಡಾಮ್ನಿಕನಿಗೆ ಹೇಳಿಯೂ ಹೇಳಿದೆ, "ನಮ್ಮ ಕಡೆಯವರು ಅಗುಳೂ ಬಿಡುವುದಿಲ್ಲ." ಜ್ವರ ಬಂದವನ ತಟ್ಟೆ ಅಷ್ಟು ಚೊಕ್ಕಟವಾಗಿ ಇರುವುದಿಲ್ಲ ಎಂಬುದು ನನ್ನಂಥವನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಏಳನೆಯ ದಿನ ಮಧ್ಯಾಹ್ನ ಬಾಗಿಲಾಚೆಯಿಂದಲೇ ಕೇಳಿದೆ, "ಹೆಂಗಿದ್ದೀಯೋ?"

"ಮದ್ವೆ ಗಂಡಿನಂಗಿದ್ದೀನಿ. ಕೂತಲ್ಲಿಗೇ ಊಟ ಬತ್ತೈತೆ." ದನಿ ಸಣ್ಣಗಾಗಿತ್ತು.

"ಉಂಡ್ಯಾ?"

"ಖಾಲಿ ತಟ್ಟೆ ಕಾಣಲ್ವೇನಣ್ಣ?"

ಮಾರಿಸೆಲ್ ಫೋನ್ ಮಾಡಿದಾಗಲೂ ಚೆನ್ನಾಗಿದ್ದೇನೆ, ಚೆನ್ನಾಗಿ ಉಣ್ಣುತ್ತಿದ್ದೇನೆ ಎಂದೇ ಹೇಳಿದ್ದನಂತೆ. ಅವಳು ನನ್ನ ಹಾಳೆ ನೋಡಿದಳು. ಎರಡೂ ತಾಳೆಯಾದವು.

ಎಂಟನೆಯ ದಿನ ಬೆಳಿಗ್ಗೆ ಏಳು ಇಪ್ಪತ್ತಕ್ಕೆ ನಾನು ಬಡಿದಾಗ ಬಾಗಿಲು ತೆರೆಯಲಿಲ್ಲ. ಆರಡಿ ಹಿಂದೆ ಸರಿದು ನಿಂತೆ. ಮತ್ತೆ ಹೋಗಿ ಬಡಿದೆ, ಮತ್ತೆ ಹಿಂದೆ ಸರಿದೆ. ಮೂರು ಸಲ ಹೀಗೆ ಮಾಡಿದೆ. ನನ್ನ ಹತ್ತಿರ ಬೀಗದ ಕಾರ್ಡ್ ಇತ್ತು. ಒಳಗೆ ಹೋಗುವಂತಿಲ್ಲ ಎಂಬ ರೂಲ್ ಕೂಡ ಇತ್ತು. ಗೋಡೆಯ ಫೋನಿಗೆ ಓಡಿ ಆಸ್ಪತ್ರೆಗೆ ಹೇಳಿದೆ. ಅವರು ಬರಲು ನಾಲ್ಕು ನಿಮಿಷ. ಆ ನಾಲ್ಕು ನಿಮಿಷ ನಾನು ಆರಡಿ ದೂರದಲ್ಲೇ ನಿಂತಿದ್ದೆ.

ಅವನು ಮಂಚದ ಪಕ್ಕ ನೆಲದ ಮೇಲಿದ್ದ. ಉಸಿರಿತ್ತು, ಮಾತಿರಲಿಲ್ಲ. ತುಟಿ ಬೂದಿಯ ಬಣ್ಣಕ್ಕೆ ತಿರುಗಿದ್ದವು. ಡಾಕ್ಟರಮ್ಮ ಆಕ್ಸಿಜನ್ ಕಟ್ಟಿ ಸ್ಟ್ರೆಚರ್ ಹಿಡಿಸಿಕೊಂಡು ಹೋದರು. ಹಡಗು ಆ ಮಧ್ಯಾಹ್ನ ಬಂದರು ಮುಟ್ಟಲಿತ್ತು, ಅಲ್ಲಿನ ಆಸ್ಪತ್ರೆಗೆ ಇಳಿಸಬೇಕು. ಪಾಸ್‌ಪೋರ್ಟು, ಒಂದು ಜೊತೆ ಬಟ್ಟೆ ತೆಗೆದುಕೊಳ್ಳಲು ಮಾರಿಸೆಲ್ ಕಪಾಟು ತೆರೆದಳು. ಬಾಗಿಲಲ್ಲಿ ಡಾಮ್ನಿಕ್ ಇದ್ದ, ಅವನ ಹಿಂದೆ ನಾನು.

ಕಪಾಟಿನ ತಳದಲ್ಲಿ, ಬಟ್ಟೆ ಒಗೆಯಲು ಕೊಡುವ ಬಿಳಿ ಪ್ಲಾಸ್ಟಿಕ್ ಚೀಲ ಇತ್ತು. ಬಾಯಿಗೆ ಎರಡು ಕಿವಿಯ ಗಂಟು, ನಮ್ಮ ಕಡೆ ಹೊಲಕ್ಕೆ ಬುತ್ತಿ ಒಯ್ಯುವವರು ಹಾಕುವಂಥದ್ದು. ಮಾರಿಸೆಲ್ ಬಿಚ್ಚಿದಳು. ಹಳಸಿದ ವಾಸನೆ ಬಂತು. ಅನ್ನ, ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಕೋಳಿ, ಬೇಳೆ. ಅವನನ್ನು ಆ ಕೋಣೆಗೆ ಹಾಕಿದಾಗಿನಿಂದ ನಾನು ಇಟ್ಟ ಎಲ್ಲ ಹೊತ್ತಿನ ಊಟ. ಹೊತ್ತು ಹೊತ್ತಿನದನ್ನೂ ಕಾಗದದ ಕರವಸ್ತ್ರದಲ್ಲಿ ಬೇರೆ ಬೇರೆ ಸುತ್ತಿಟ್ಟಿದ್ದ. ಮಾತ್ರೆ ನುಂಗಿದ್ದ. ನೀರು ಕುಡಿದಿದ್ದ. ಊಟವನ್ನು ಮುಟ್ಟಿರಲಿಲ್ಲ.

"ಯಾಕೆ?" ಅಂದಳು ಮಾರಿಸೆಲ್. ನನ್ನ ಕಡೆ ತಿರುಗಿ ಮತ್ತೆ ಕೇಳಿದಳು, "ನಿಮ್ಮೂರವನಲ್ಲವೇ? ಯಾಕೆ?"

ನನಗೆ ಗೊತ್ತಿರಲಿಲ್ಲ. ನನ್ನ ಹಾಳೆಯಲ್ಲಿ ಎಲ್ಲ ಹೊತ್ತಿಗೂ 'ಪೂರ್ತಿ' ಎಂದಿತ್ತು.

ರಂಗ ಆ ಬಂದರಿನ ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ತೀರಿಕೊಂಡ. ಫ್ಲೂ ಶ್ವಾಸಕೋಶಕ್ಕೆ ಇಳಿದಿತ್ತು. ಹಡಗು ಅಷ್ಟರಲ್ಲಿ ಹೊರಟಾಗಿತ್ತು. ಸುದ್ದಿ ಬಂದ ಬೆಳಿಗ್ಗೆ ಡಾಕ್ಟರಮ್ಮನ ಬಾಗಿಲಿಗೆ ಹೋಗಿ, ಉಂಡಿದ್ದರೆ ಉಳಿಯುತ್ತಿದ್ದನೇ ಎಂದು ಕೇಳಿದೆ. ಅವರು ಸುಳ್ಳು ಹೇಳುವವರಲ್ಲ. "ಅದು ನನಗೆ ಗೊತ್ತಿಲ್ಲ. ಉಣ್ಣುತ್ತಿಲ್ಲ ಎಂದು ಗೊತ್ತಾಗಿದ್ದರೆ ನಾನು ಎರಡು ದಿನ ಮೊದಲೇ ಅವನನ್ನು ನೋಡಿರುತ್ತಿದ್ದೆ," ಅಂದರು.

ಸುತ್ತು ಮುಗಿದ ದಿನ ಪ್ರಯಾಣಿಕರು ಇಳಿದರು. ಅವರಲ್ಲಿ ಒಬ್ಬರಿಗೂ ಪ್ರಾಣಕ್ಕೆ ಅಪಾಯವಾಗಿರಲಿಲ್ಲ. ಊರುಗೋಲಿನ ಅಜ್ಜಿಗೆ ಕೆಮ್ಮು ಕೂಡ ಬಂದಿರಲಿಲ್ಲ. ಇಳಿಯುವಾಗ, "ಬಟಾಣಿ ಬಡಿಸುತ್ತಿದ್ದವನು ಎಲ್ಲಿ, ಕಾಣಲೇ ಇಲ್ಲ?" ಅಂದರು. ರಜೆಯಲ್ಲಿದ್ದಾನೆ ಅಂದೆ. ಪ್ರಯಾಣಿಕರನ್ನು ಹೆದರಿಸಬಾರದೆಂಬುದೂ ಒಂದು ರೂಲ್.

ಎರಡು ತಿಂಗಳ ಮೇಲೆ ನನ್ನ ಅವಧಿ ಮುಗಿಯಿತು. ಅವನ ಪೆಟ್ಟಿಗೆಯನ್ನು ಹಿಡಿದು ಶಿವನಿಗೆ ಹೋದೆ. ದೇಹ ಆಗಲೇ ಬಂದು ಮಣ್ಣಾಗಿತ್ತು. ಕೆಂಚಮ್ಮ ಪೆಟ್ಟಿಗೆ ತೆರೆದು ಒಂದೊಂದೇ ಅಂಗಿ ಹೊರಗಿಟ್ಟರು. ಕೊನೆಗೆ ಕೇಳಿದರು, "ಕೊನೇಲಿ ಏನಾರ ಉಂಡಿದ್ನಾ ಕಣಪ್ಪ?"

ಕಡೆಗೆ ಊಟ ಸೇರುತ್ತಿರಲಿಲ್ಲ ಎಂದೆ. ಅಷ್ಟೇ ಹೇಳಿದೆ.

"ಅಲ್ಲಿ ಊಟಾನ ಹೆಂಗ್ ಕೊಡ್ತಾರೆ? ನೆಲದ ಮ್ಯಾಲೆ ಇಟ್ಟು ಹೋಗ್ತಿರ್ಲಿಲ್ಲ ತಾನೆ?" ಅಂದರು. ನಾನು ಅವನ ಅಂಗಿಯೊಂದನ್ನು ಮಡಚತೊಡಗಿದೆ. ಅವರೇ ಮುಂದುವರಿಸಿದರು. "ಅವನು ಆರು ವರ್ಸದೋನು. ಒಬ್ರ ಹೊಲ್ದಾಗೆ ಈರುಳ್ಳಿ ಕೀಳಕ್ಕೆ ಹೋಗಿದ್ದೆ, ಜತೇಲಿ ಬಂದಿದ್ದ. ಆ ಮನೆಯಮ್ಮ ಹಿತ್ಲ ಬಾಗ್ಲಾಚೆ ನೆಲದಾಗೆ ತಟ್ಟೆ ಇಟ್ಟು, ದೂರ ಸರ್ಕೊಂಡು ನಿಂತ್ಲು. ನಾನು ಎತ್ಕೊಂಡೆ. ನಂಗೆ ಅಭ್ಯಾಸ. ಅವನು ಮುಟ್ಲಿಲ್ಲ. ಉಂಡ್ಯೇನ್ಲಾ ಅಂದ್ರೆ ಊಂ ಅಂದ. ಸಾಯಂಕಾಲ ನೋಡ್ತೀನಿ, ಅಷ್ಟೂ ಅನ್ನ ಮುತ್ತುಗದೆಲೇಲಿ ಸುತ್ತಿ ನನ್ನ ಮಂಕ್ರಿ ತಳ್ದಾಗೆ ಮಡಗವ್ನೆ. ಯಾಕ್ಲಾ ಅಂದ್ರೆ, 'ಬಿಟ್ರೆ ನಿಂಗೆ ಬೈತಾರಲ್ಲವ್ವ' ಅಂದ. ಅವತ್ತಿಂದ ನೆಲದಾಗಿಟ್ಟ ತಟ್ಟೇಲಿ ಉಂಡೋನಲ್ಲ. ನಾನೂ ಕೈಗೇ ಕೊಡ್ತಿದ್ದೆ."

ಆ ದಿನ ನಾನು ಹೇಳಲಿಲ್ಲ. ನೀರು ಕುಡಿದು ಎದ್ದು ಬಂದೆ. ಮತ್ತೆ ಹಡಗಿಗೆ ಹೋಗಲಿಲ್ಲ. ಅಬ್ಬನ ಜೊತೆ ಹಾಸಿಗೆ ಹೊಲಿಯುತ್ತಿದ್ದೇನೆ. ಈ ಮೂರು ವರ್ಷದಲ್ಲಿ ಅಜ್ಜಂಪುರದ ಕಡೆಯಿಂದ ಬಂದ ಹಾಸಿಗೆಗಳನ್ನು ಹೊಲಿದಿದ್ದೇನೆ, ತಲುಪಿಸಲು ಹೋಗಿಲ್ಲ.

ಮೊನ್ನೆ ಆ ಬೆಂಚಿನಲ್ಲಿ ಕಾಲೆತ್ತಿಕೊಂಡು ಕೂತಿದ್ದು, ಮನೆಗೆ ಬಂದು ಅಮ್ಮಿಗೆ ಎಲ್ಲ ಹೇಳಿದೆ. ಅವರು "ಜಾಕೋ ಬೋಲ್ದೇ ಬೇಟಾ," ಅಂದರು. ಹೋಗಿ ಹೇಳಿಬಿಡು ಎಂದು.

ಮರುದಿನ ಬೆಳಿಗ್ಗೆ ಶಿವನಿಗೆ ಹೋದೆ. ಕೆಂಚಮ್ಮ ಅಂಗಳದಲ್ಲಿ ಕಡಲೆ ಗಿಡ ಬಡಿಯುತ್ತಿದ್ದರು. ನಿಂತುಕೊಂಡೇ ಹೇಳಿದೆ. ನೆಲದ ಮೇಲೆ ಇಟ್ಟವನು ನಾನು, ಆರಡಿ ಸರಿದು ನಿಂತವನು ನಾನು, 'ಪೂರ್ತಿ' ಎಂದು ಬರೆದವನು ನಾನು ಎಂದೆ. ಕಪಾಟಿನ ಚೀಲದ ವಿಷಯವನ್ನೂ ಹೇಳಿದೆ. ಕೋಲು ಅವರ ಕೈಯಲ್ಲೇ ಇತ್ತು. ಅವರು ಕೂಗಿ ಅತ್ತಿದ್ದರೆ, ಹೊಡೆದಿದ್ದರೆ ಚೆನ್ನಾಗಿತ್ತು.

"ಕೈಗೆ ಕೊಡು ಅಂತ ಕೇಳಿದ್ನಾ?"

"ಕೇಳಿದ್ದ."

ಅವರು ಕೋಲು ಗೋಡೆಗೆ ಒರಗಿಸಿದರು. ಸೆರಗಿನಿಂದ ಮುಖ ಒರೆಸಿಕೊಂಡರು. "ನೀನು ಬೈಸ್ಕೋಬಾರ್ದು ಅಂತ ಅವನು ಮುಚ್ಚಿಟ್ಟ. ಸಾಯೋ ತನಕ ಮುಚ್ಚಿಟ್ಟದ್ದನ್ನ ನೀನ್ಯಾಕಪ್ಪ ಬಿಚ್ಚಿದೆ? ಈಗ ನಾನು ನಿನ್ನ ಬೈಬೇಕಲ್ಲ," ಅಂದರು.

ಬೈಯಲಿಲ್ಲ. ಒಳಗೆ ಹೋದರು. ಒಲೆಯ ಹತ್ತಿರ ಪಾತ್ರೆಯ ಸದ್ದಾಯಿತು. ಒಂದು ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು ಹಾಕಿಕೊಂಡು ಬಂದು, ನಾನು ನಿಂತಲ್ಲಿಗೇ ಬಂದು, ಎರಡೂ ಕೈಯಿಂದ ನನ್ನ ಎರಡೂ ಕೈಗೆ ಕೊಟ್ಟರು. ಉಂಡು ಮುಗಿಸುವವರೆಗೂ ಎದುರಿಗೇ ನಿಂತಿದ್ದರು. ನಾನು ಒಂದು ಚೂರನ್ನೂ ಬಿಡಲಿಲ್ಲ. ಖಾಲಿ ತಟ್ಟೆಯನ್ನು ಅವರು ತಿರುಗಿಸಿ ನೋಡಿದರು. ಆಮೇಲೆ ನನ್ನ ಬಾಯಿ ನೋಡಿದರು.

ಆ ಬಿಳಿ ಚೀಲವನ್ನು ಬಿಚ್ಚಿದಾಗ ಕಣ್ಣಾರೆ ಕಂಡವರು ಮೂವರು. ಮಾರಿಸೆಲ್ ಈಗ ತನ್ನ ದೇಶದ ಒಂದು ಆಸ್ಪತ್ರೆಯಲ್ಲಿದ್ದಾಳೆ. ಡಾಮ್ನಿಕ್ ಗೋವಾದಲ್ಲಿದ್ದಾನೆ, ಹಬ್ಬಕ್ಕೆ ಫೋನ್ ಮಾಡುತ್ತಾನೆ, ಇದರ ಮಾತು ಎತ್ತುವುದಿಲ್ಲ. ಮೂರನೆಯವನು ನಾನು. ಮಂಕರಿಯ ತಳದ ಅನ್ನವನ್ನು ಕಂಡವರು ಕೆಂಚಮ್ಮ ಒಬ್ಬರೇ. ಅವರೂ ಇದ್ದಾರೆ, ಶಿವನಿಯಲ್ಲಿ.